ಮಿಂಚಿಗೆ ಸಿಕ್ಕ ರಜೆ

ಗೋದಾಮಿನಲ್ಲಿ ಎಲ್ಲರೂ ಅವನನ್ನು ಮಿಂಚು ಎಂದೇ ಕರೆಯುತ್ತಿದ್ದರು. ಬೇರೆಯವರು ನಾಲ್ಕು ಪೆಟ್ಟಿಗೆ ಎತ್ತಿಡುವಷ್ಟರಲ್ಲಿ ಅವನ ಫೋರ್ಕ್‌ಲಿಫ್ಟ್ ಗಾಡಿ ಹತ್ತು ಎತ್ತಿಟ್ಟು ಹನ್ನೊಂದನೆಯದಕ್ಕೆ ಮೂತಿ ಚಾಚಿರುತ್ತಿತ್ತು. ಅವತ್ತು ಅವನಿಗೆ ಕುತ್ತು ತಂದದ್ದು ಆ ಚುರುಕೇ.

ಸಂಜೆ ನಾಲ್ಕಕ್ಕೆ ಮಗಳ ಶಾಲೆಯಲ್ಲಿ ಓಟದ ಪಂದ್ಯ. ಹಿಂದಿನ ಎರಡು ವರ್ಷವೂ ಅವನಿಗೆ ಹೋಗಲಾಗಿರಲಿಲ್ಲ. "ಈ ಸಲ ಬರದಿದ್ರೆ ನಿನ್ ಜೊತೆ ಮಾತೇ ಆಡಲ್ಲ ಅಪ್ಪ" ಎಂದು ಅವಳು ಬೆಳಗ್ಗೆಯೇ ಹೇಳಿಬಿಟ್ಟಿದ್ದಳು.

"ಸಾರ್, ಮೂರಕ್ಕೆ ಬಿಡ್ತೀರಾ?" ಎಂದು ಮೇಲ್ವಿಚಾರಕರನ್ನು ಕೇಳಿದ.

"ನನ್ನನ್ಯಾಕಪ್ಪಾ ಕೇಳ್ತೀಯ? ಈಗೆಲ್ಲ ಆ ಹೊಸ ಕಂಪ್ಯೂಟರ್ ಯಂತ್ರದ್ದೇ ಯಜಮಾನಿಕೆ. ಯಾರು ಎಲ್ಲಿ ಏನು ಮಾಡ್ಬೇಕು ಅಂತ ಗಳಿಗೆ ಗಳಿಗೆಗೂ ಅದೇ ಹೇಳುತ್ತೆ. ನಾನೇ ಊಟಕ್ಕೆ ಏಳ್ಬೇಕಾದ್ರೂ ಅದರ ಮುಖ ನೋಡ್ತೀನಿ."

ಮಿಂಚು ಮೊಬೈಲಿನಲ್ಲಿ ಯಂತ್ರವನ್ನೇ ರಜೆ ಕೇಳಿದ. ತಕ್ಷಣ ಉತ್ತರ ಬಂತು: 'ನೀವು ಅತ್ಯಂತ ಚುರುಕಿನ ಕೆಲಸಗಾರರು. ನಿಮ್ಮನ್ನು ಬಿಡಲಾಗದು.' ಜೊತೆಗೆ ಇನ್ನೂ ಎರಡು ಲಾರಿಗಳ ಕೆಲಸ.

ಇಣುಕಿ ನೋಡಿದ ಪ್ಯಾಕಿಂಗಿನ ಅಕ್ಕ ನಕ್ಕಳು. "ದಡ್ಡ! ಮಾಡಿದಷ್ಟೂ ಹೇರುತ್ತೆ ಅದು. ನಿಧಾನ ಮಾಡು. ನಾನು ಯಾವತ್ತಾದ್ರೂ ಓಡಿದ್ದು ನೋಡಿದ್ದೀಯಾ?"

ಮಿಂಚು ನಿಧಾನ ಮಾಡಿದ. ಫೋರ್ಕ್‌ಲಿಫ್ಟ್ ತುಂಬು ಬಸುರಿಯ ಹಾಗೆ ಹೆಜ್ಜೆ ಎಣಿಸುತ್ತ ಸಾಗಿತು. ಹತ್ತೇ ನಿಮಿಷಕ್ಕೆ ಮೆಕ್ಯಾನಿಕ್ ಓಡಿಬಂದ.

"ಗಾಡಿ ಕೆಟ್ಟಿದೆಯಂತೆ, ಯಂತ್ರ ಕಳಿಸ್ತು."

ಸುತ್ತ ಬಗ್ಗಿ ನೋಡಿ, ಗಾಡಿ ಸರಿಯಿದೆ ಎಂದು ಮೊಬೈಲಿನಲ್ಲಿ ಒತ್ತಿ ಹೋದ. ಗಾಡಿ ಸರಿಯಿದ್ದರೆ ಚಾಲಕನೇ ಕೆಟ್ಟಿರಬೇಕಲ್ಲ! ಯಂತ್ರ ಗೋದಾಮಿನ ನರ್ಸಮ್ಮನನ್ನು ಅಟ್ಟಿತು.

"ಏನಾಗ್ತಿದೆ?"

"ಎದೆ... ಹಿಡ್ಕೊಂಡ ಹಾಗಾಗ್ತಿದೆ ಅಮ್ಮಾ," ಎಂದುಬಿಟ್ಟ ಮಿಂಚು.

ನರ್ಸಮ್ಮ ನಾಡಿ ಹಿಡಿದರು. ಸುಳ್ಳು ಹೇಳಿದ ಭಯಕ್ಕೆ ಅದು ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯುತ್ತಿತ್ತು. ಅವರು ಗಾಬರಿಯಿಂದ ವರದಿ ಕಳಿಸಿದರು. ಮೊಬೈಲು ಟಣ್ ಎಂದಿತು: 'ಈಗಲೇ ರಜೆ.'

ನರ್ಸಮ್ಮ ಬಿಡದೆ ಇಪ್ಪತ್ತು ನಿಮಿಷ ಮಲಗಿಸಿದರು. ಮೂರೂ ನಲವತ್ತಕ್ಕೆ ಮಿಂಚು ಅಂಗಿ ಬದಲಿಸಿ ಗೇಟಿಗೆ ಓಡಿದ. ಶಾಲೆಗೆ ಬರೀ ಹದಿನೈದು ನಿಮಿಷದ ದಾರಿ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಎದುರಿಗೆ ಹೆಂಡತಿಯ ಸ್ಕೂಟರು ಕಿರ್ರನೆ ನಿಂತಿತು. ಹಿಂದೆ ಮಗಳು, ಎದೆಯ ಮೇಲೆ ಓಟದ ನಂಬರು, ಕಣ್ಣಲ್ಲಿ ನೀರಿನ ಧಾರೆ.

"ಅಯ್ಯೋ, ಓಡ್ತಿದ್ದೀರಲ್ರೀ! ಎದೆನೋವು ಅಂತ ನಿಮ್ಮ ಯಂತ್ರ ನಂಗೆ ಫೋನ್ ಮಾಡ್ತು. ಓಟ ಗೀಟ ಎಲ್ಲ ಬಿಟ್ಟು ಇವಳನ್ನ ಎಳ್ಕೊಂಡು ಬಂದೆ!"

"ಈಗ ಪರವಾಗಿಲ್ಲ ಕಣೇ, ಬಾ, ಶಾಲೆಗೆ ಹೋಗೋಣ..."

"ಸುಮ್ನಿರಿ! ನೇರ ಡಾಕ್ಟರ ಹತ್ರ!" ಎಂದರು ಹಿಂದಿನಿಂದ ಓಡಿಬಂದ ನರ್ಸಮ್ಮ.

ಮಗಳು ಅವನ ಸೊಂಟ ತಬ್ಬಿಕೊಂಡಳು. "ಓಟ ಬೇಡ ಅಪ್ಪ. ನೀನು ಸಾಯ್ಬೇಡ."

ಸರಿಯಾಗಿ ನಾಲ್ಕು ಗಂಟೆಗೆ ಮಿಂಚು ಎದೆಗೆ ತಂತಿ ಅಂಟಿಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ. ಡಾಕ್ಟರು ಉದ್ದನೆಯ ಕಾಗದವನ್ನು ಎರಡು ಸಲ ನೋಡಿದರು.

"ಇವರಿಗೇನೂ ಆಗಿಲ್ಲವಲ್ಲಮ್ಮಾ! ಗುಂಡುಕಲ್ಲಿನ ಹಾಗಿದ್ದಾರೆ."

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಮಿಂಚಿಗೆ ಆಗ ನಿಜವಾಗಿಯೂ ಎದೆ ಹಿಡಿದುಕೊಂಡಿತು.