ಅಂಗಡಿಯಿಲ್ಲದ ಚೀಲ

ನನ್ನ ಮೊಮ್ಮಗಳಿಗೆ ಹುಚ್ಚು ಹಿಡಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತ ಹೋದರೆ ನಿಮಗೆ ಅನುಮಾನ ಬಂದೇ ಬರುತ್ತದೆ. ನಮ್ಮ ಓಣಿಯವರಿಗೆ ಬಂದಾಗಿದೆ. ಅವಳ ಅಪ್ಪನಿಗೆ, ಅಂದರೆ ನನ್ನ ಮಗನಿಗೆ, ವಾರಕ್ಕೆ ಎರಡು ಸಲ ಬರುತ್ತದೆ. ನನಗೊಬ್ಬಳಿಗೇ ಬಂದಿಲ್ಲ. ಬಂದಿದ್ದರೂ ಒಪ್ಪಿಕೊಳ್ಳುವವಳಲ್ಲ ನಾನು!

ರಾಯಚೂರಿನಲ್ಲಿ ಉಳಿದವರ ಮಕ್ಕಳೆಲ್ಲ ನರ್ಸಿಂಗು, ಬಿ.ಎಡ್ಡು, ಪೊಲೀಸ್ ಪರೀಕ್ಷೆ ಎಂದು ಓಡಾಡುತ್ತಿದ್ದರೆ ಇವಳು ಡಿಜೈನ್ ಕಲಿಯುತ್ತೇನೆಂದು ಹೋಗಿ ಸೇರಿದಳು. ಸುದ್ದಿ ಕೇಳಿದ ಮರುದಿನವೇ ಎದುರುಮನೆ ಕಮಲವ್ವ ಜಂಪರಿನ ಬಟ್ಟೆ ಹಿಡಿದುಕೊಂಡು ಬಂದಳು.

"ಬೆನ್ನಿನ ಕಡಿ ಕಿಟಕಿ ಇಡಬೇಕು ನೋಡವ್ವಾ."

ನನ್ನ ಮೊಮ್ಮಗಳು ನಗಲಿಲ್ಲ. ನೋಟುಬುಕ್ಕು ತೆಗೆದು ಕೇಳಿದಳು: "ಕಿಟಕಿ ಯಾಕ ಬೇಕ್ರಿ?"

"ಯಾಕಂದ್ರ? ಸೆಕಿ ಆಕ್ಕತಿ. ಗಾಳಿ ಬರ್ಲಿ ಅಂತ."

"ಹಂಗಾರ ನಿಮಗ ಬೇಕಾಗಿದ್ದು ಕಿಟಕಿ ಅಲ್ರಿ, ಬ್ಯಾರೆ ಬಟ್ಟಿ. ಇದು ಪಾಲಿಸ್ಟರ್ ಅದ."

ಕಮಲವ್ವ ಬಟ್ಟೆ ಕಸಿದುಕೊಂಡು ಹೋದವಳು ಹದಿನೈದು ದಿನ ನಮ್ಮ ಮನೆ ಕಡೆ ಮುಖ ಹಾಕಲಿಲ್ಲ. ಬೇಸಗೆ ಬಂದ ಮೇಲೆ ಹತ್ತಿಯ ಜಂಪರು ತೊಟ್ಟುಕೊಂಡು ಬಂದಳೆನ್ನಿ.

ಇವಳು ಕಲಿಯುವುದು ಇಷ್ಟೇ. ಯಾರಿಗೋ ಏನೋ ಬೇಕಿರುತ್ತದೆ. ಅಂಥವರನ್ನು ಕ್ಲೈಂಟ್ ಎನ್ನಬೇಕು. ಅವರು ಬಾಯಿಂದ ಕೇಳುವುದು ಒಂದು, ನಿಜವಾಗಿ ಬೇಕಾಗಿರುವುದು ಇನ್ನೊಂದು. ಆ ಎರಡನೆಯದನ್ನು ಹುಡುಕಿ, ಅದಕ್ಕೊಂದು ಹೊಸ ಉಪಾಯ ಕಟ್ಟಿಕೊಡಬೇಕು.

"ಇದಕ್ಕ ಕಾಲೇಜು ಯಾಕ ಬೇಕು? ಗಂಡನ ಮನಿಗೆ ಹೋದ ಯಾ ಹೆಣ್ಮಗಳಿಗಾದ್ರೂ ಎಂಟು ದಿನದಾಗ ಬರ್ತದ," ಎಂದೆ ನಾನು. ಅದನ್ನೂ ಬರೆದುಕೊಂಡಳು!

ಅವಳ ಮೊದಲ ಕ್ಲೈಂಟ್ ನಮ್ಮ ಓಣಿಯ ಹಿಟ್ಟಿನ ಗಿರಣಿಯವನು. ಅವನು ಕೇಳಿದ್ದು ಒಂದು ಬೋರ್ಡು, ಅದರ ಮೇಲೆ ಒಂದು ಹುಲಿ. ಗಿರಣಿಗೂ ಹುಲಿಗೂ ಏನು ಸಂಬಂಧ ಎಂದು ನನ್ನನ್ನು ಕೇಳಬೇಡಿ, ಅವನಿಗೇ ಗೊತ್ತಿಲ್ಲ. ನನ್ನ ಮೊಮ್ಮಗಳು ಬೋರ್ಡು ಬರೆಯುವುದು ಬಿಟ್ಟು ಮೂರು ದಿನ ಜೋಳದ ಚೀಲದ ಮೇಲೆ ಕೂತು ಬಂದವರನ್ನು ನೋಡಿದಳು. ಮೂರನೆಯ ದಿನ ಮಧ್ಯಾಹ್ನ ತಲೆಯಿಂದ ಪಾದದವರೆಗೂ ಬೆಳ್ಳಗಾಗಿ ಬಾಗಿಲಲ್ಲಿ ನಿಂತಾಗ, ಸತ್ತುಹೋದ ನಮ್ಮತ್ತೆಯೇ ಎದ್ದುಬಂದಳೆಂದು ನಾನು ಕಿರುಚಿಕೊಂಡೆ. ನಮ್ಮತ್ತೆಯಾಗಿದ್ದರೆ ಅಷ್ಟು ನಗುಮುಖದಿಂದ ನಿಂತಿರುತ್ತಿರಲಿಲ್ಲ ಎಂದು ಆಮೇಲೆ ಹೊಳೆಯಿತು.

"ಸಿಕ್ತು ಯವ್ವಾ! ಅಲ್ಲಿ ದಿನಾ ಜಗಳ ಯಾಕ ಆಕ್ಕತಿ ಗೊತ್ತೇನು? ಎಲ್ಲಾರ ಡಬ್ಬಿನೂ ಒಂದೇ ನಮೂನಿ ಅದಾವ!"

ನನ್ನ ಹಳೆಯ ಸೀರೆ ಹರಿದು ಬಣ್ಣಬಣ್ಣದ ಪಟ್ಟಿ ಮಾಡಿದಳು. ಪ್ರತಿ ಪಟ್ಟಿಯನ್ನೂ ಎರಡು ತುಂಡು ಮಾಡಿ ಒಂದನ್ನು ಡಬ್ಬಿಯ ಹಿಡಿಕೆಗೆ ಕಟ್ಟಿ, ಇನ್ನೊಂದನ್ನು ಡಬ್ಬಿ ತಂದವಳ ಕೈಗೆ ಕೊಟ್ಟಳು. ಅಂದಿನಿಂದ ನನ್ನ ಬಿಳಿಜೋಳ ಹೋಗಿ ನಿನ್ನ ಸಜ್ಜೆ ಬಂತು ಎಂಬ ಕೂಗಾಟ ನಿಂತೇ ಹೋಯಿತು. ಗಿರಣಿಯವನು ಮಾತ್ರ ಮುಖ ಸಣ್ಣದು ಮಾಡಿಕೊಂಡು ಕೇಳಿದ: "ಅದೆಲ್ಲಾ ಬರೋಬ್ಬರಿ ಅದವ್ವಾ, ನನ್ನ ಹುಲಿ ಎಲ್ಲೈತಿ?"

ಪಾಪ, ಹುಲಿಯನ್ನೂ ಬರೆದುಕೊಟ್ಟಳು. ಈಗ ಇಡೀ ಓಣಿ ಅದನ್ನು ಬೆಕ್ಕಿನ ಗಿರಣಿ ಎಂದು ಕರೆಯುತ್ತದೆ. ಅವಳ ಗುರುಗಳು ಉಪಾಯಕ್ಕೆ ಪೂರ್ತಿ ಅಂಕ ಕೊಟ್ಟು ಹುಲಿಗೆ ಸೊನ್ನೆ ಹಾಕಿದರಂತೆ.

ಆಮೇಲೆ ಬಂತು ನೋಡಿ ನನ್ನ ಸರದಿ. ಮನೆಯಲ್ಲೇ ಒಬ್ಬ ಕ್ಲೈಂಟನ್ನು ಹುಡುಕಿಕೊಳ್ಳಿ ಎಂದಿದ್ದರಂತೆ ಗುರುಗಳು. ಅವಳು ಅಪ್ಪನನ್ನು ಬಿಟ್ಟು, ಅವ್ವನನ್ನು ಬಿಟ್ಟು, ನನ್ನ ಮುಂದೆ ಬಂದು ಕೂತಳು. ನನಗೆ ಎಪ್ಪತ್ತು ದಾಟಿದೆ. ಉಣ್ಣುತ್ತೀಯಾ ಎಂದು ಕೇಳಿದವರಿದ್ದಾರೆ, ಗುಳಿಗೆ ನುಂಗಿದೆಯಾ ಎಂದು ಕೇಳಿದವರಿದ್ದಾರೆ. ನಿನಗೇನು ಬೇಕು ಎಂದು ನೋಟುಬುಕ್ಕು ಹಿಡಿದು ಕೇಳಿದವರು ಯಾರು? ನಾನು ಎದ್ದುಹೋಗಿ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು ಬಂದು ಕೂತೆ. ಕ್ಲೈಂಟ್ ಆಗುವುದೆಂದರೆ ಸುಮ್ಮನೆಯೇ?

"ಹೇಳು ಯವ್ವಾ, ನಿನಗೇನು ಬೇಕು?"

"ಅಡಕಿ ಕುಟ್ಟಾಕ ಒಂದು ಸಣ್ಣ ಕಲ್ಲು ಬೇಕು."

"ಯಾಕ?"

"ಅಡಕಿ ಕುಟ್ಟಾಕ ಅಂದ್ನೆಲ್ಲ! ತಲಿ ಕುಟ್ಟಾಕೇನು?"

"ನಿನ್ನ ಹಲ್ಲು ಗಟ್ಟಿ ಅದಾವಲ್ಲ. ನಿನ್ನೆ ಕಬ್ಬು ಕಡದಿ."

"ನನಗಲ್ಲ ಲೇ, ಅಕ್ಕಗ. ಆಕಿಗೆ ಒಂದೂ ಹಲ್ಲಿಲ್ಲ ಈಗ."

"ಹಂಗಾರ ಒಯ್ದು ಕೊಟ್ಟು ಬಾ. ದೇವದುರ್ಗ ಏನು ದೂರ? ಎರಡು ವರ್ಷಾತು ನೀ ಹೋಗಿಲ್ಲ. ಯಾಕ?"

"ಮೊಣಕಾಲು ನೋವು."

"ಮುಂಜಾನೆ ಅಟ್ಟ ಹತ್ತಿ ಉಪ್ಪಿನಕಾಯಿ ಇಳಿಸಿದಿ. ಖರೇ ಹೇಳು, ಯಾಕ?"

ಆ ಹುಡುಗಿಯ ‘ಯಾಕ’ ಎಂಬುದು ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಇದ್ದ ಹಾಗೆ. ಎಲ್ಲೋ ತಳದಲ್ಲಿ ಸಿಕ್ಕಿಕೊಂಡದ್ದನ್ನು ಎಳೆದೇ ಬಿಡುತ್ತದೆ. ಯಾರಿಗೂ ಹೇಳದಿದ್ದುದನ್ನು ಆವತ್ತು ಅವಳಿಗೆ ಹೇಳಿಬಿಟ್ಟೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಎತ್ತಿ ಆಡಿಸಿದವಳು. ದೇವದುರ್ಗದಲ್ಲಿ ಮಗನ ಮನೆಯಲ್ಲಿದ್ದಾಳೆ. ಈಗ ಕಿವಿ ಪೂರ್ತಿ ಹೋಗಿದೆ. ಫೋನು ಹಚ್ಚಿಕೊಟ್ಟರೆ ಅವಳು ಎರಡೇ ಮಾತು ಆಡುತ್ತಾಳೆ: "ಉಂಡಿಯೇನ? ಯಾವಾಗ ಬರ್ತಿ?" ನಾನು ಇಲ್ಲಿಂದ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ಅವಳೊಬ್ಬಳಿಗೆ ಕೇಳುವುದಿಲ್ಲ. ಸ್ವಲ್ಪ ಹೊತ್ತು ಕಾಯುತ್ತಾಳೆ, ಮತ್ತೆ "ಯಾವಾಗ ಬರ್ತಿ?" ಎನ್ನುತ್ತಾಳೆ. ಎದುರಿಗೆ ಕೂತರೆ ಮಾತ್ರ ನಮಗೆ ಮಾತೇ ಬೇಡ. ಒಬ್ಬಳು ಎಲೆಗೆ ಸುಣ್ಣ ಹಚ್ಚುತ್ತಾಳೆ, ಇನ್ನೊಬ್ಬಳು ಅಡಿಕೆ ಇಡುತ್ತಾಳೆ. ಮಧ್ಯಾಹ್ನ ಕಳೆದುಹೋಗುತ್ತದೆ.

ಮೊದಲೆಲ್ಲ ನನ್ನ ಯಜಮಾನರು ನನ್ನನ್ನು ಬಸ್ಸಿನಲ್ಲಿ ಕೂಡಿಸಿ ಬರುತ್ತಿದ್ದರು. ಅವರು ಹೋದ ಮೇಲೆ ಒಂದು ಸಲ ಒಬ್ಬಳೇ ಹೊರಟೆ. ನಾನೇನು ಓದಲು ಬಾರದವಳಲ್ಲ. ಮೂರನೆಯ ಇಯತ್ತೆ ಆಗಿದೆ. ನಿಧಾನವಾಗಿ ಓದುತ್ತೇನೆ, ಅಷ್ಟೇ. ಆದರೆ ಈಗಿನ ಬಸ್ಸಿನ ಬೋರ್ಡು ನೋಡಿದ್ದೀರಾ? ಕೆಂಪು ದೀಪದ ಅಕ್ಷರಗಳು ಹಿಂದೆ ನಾಯಿ ಬಿದ್ದ ಹಾಗೆ ಓಡುತ್ತವೆ! ನಾನು ಮೊದಲ ಅಕ್ಷರ ಕೂಡಿಸುವಷ್ಟರಲ್ಲಿ ಕೊನೆಯದೂ ಓಡಿಹೋಗಿ, ಮತ್ತೇನೋ ಬಂದಿರುತ್ತದೆ. ಒಬ್ಬನನ್ನು ಕೇಳಿದೆ. "ಬೋರ್ಡ್ ಐತಲ್ಲಬೇ, ಕಣ್ಣು ಕಾಣಲ್ಲೇನು?" ಎಂದ. ಅಷ್ಟು ಜನರ ಮುಂದೆ! ಮತ್ತೆ ಬಾಯಿ ಬಿಡಲಿಲ್ಲ. ಅಂದಾಜಿನ ಮೇಲೆ ಒಂದು ಬಸ್ಸು ಹತ್ತಿದೆ.

ಊರು ದಾಟಿದ ಮೇಲೆ ಕಂಡಕ್ಟರ್ ಬಂದ. "ದೇವದುರ್ಗ," ಎಂದೆ.

"ಇದು ಮಾನ್ವಿ ಬಸ್ಸವ್ವಾ! ಇಳೀತಿಯೇನು?"

ಇಡೀ ಬಸ್ಸು ತಿರುಗಿ ನೋಡಿತು. ನಾನೇನು ಮಾಡಿದೆ ಗೊತ್ತೇ? ಸೆರಗು ಸರಿಮಾಡಿಕೊಂಡು, "ಹೌದಪಾ, ಮಾನ್ವಿಗೇ. ಬಾಯಿ ತಪ್ಪಿ ದೇವದುರ್ಗ ಅಂದೆ," ಎಂದುಬಿಟ್ಟೆ! ಮರ್ಯಾದೆ ಉಳಿಸಿಕೊಳ್ಳಲು ಮಾನ್ವಿಯವರೆಗೂ ಹೋದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಅಲ್ಲಿ ನನಗೆ ಯಾರೂ ಇಲ್ಲ. ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಅಕ್ಕನಿಗೆಂದು ಒಯ್ದ ಹೋಳಿಗೆ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು, ಅದೇ ಬಸ್ಸಿಗೆ ವಾಪಸಾದೆ. ಅದೇ ಕಂಡಕ್ಟರ್!

"ಕೆಲಸ ಆತೇನವ್ವಾ ಮಾನ್ವ್ಯಾಗ?"

"ಆತಪಾ," ಎಂದೆ. ಆ ಹೋಳಿಗೆ ಮನೆಯವರೇ ತಿಂದರು. ಅಕ್ಕ ಹೇಗಿದ್ದಾಳೆ ಎಂದು ಮಗ ಕೇಳಿದ. ಅರಾಮ ಅದಾಳ ಎಂದೆ. ಅಂದಿನಿಂದ ನನಗೆ ಮೊಣಕಾಲು ನೋವು ಶುರುವಾಯಿತು.

ಹೇಳಿ ಮುಗಿಸಿದಾಗ ಮೊಮ್ಮಗಳು ನೋಟುಬುಕ್ಕಿನಲ್ಲಿ ಏನೂ ಬರೆದಿರಲಿಲ್ಲ. ಆದರೆ ಮರುದಿನದಿಂದ ಅವಳ ಆಟ ಶುರು! ಮೊದಲು ದಪ್ಪ ರಟ್ಟಿನ ಮೇಲೆ ದೇವದುರ್ಗ ಎಂದು ಬರೆದು ದಾರ ಪೋಣಿಸಿ ನನ್ನ ಕೊರಳಿಗೆ ಹಾಕಲು ಬಂದಳು. "ಸಂತಿಗೆ ಹೊಂಟ ಕುರಿ ಮಾಡಿಯೇನ ನನ್ನ?" ಎಂದು ಓಡಿಸಿದೆ. ಆಮೇಲೆ ಒಂದು ಸಣ್ಣ ಯಂತ್ರ ತಂದು ನನ್ನ ಎಲೆಅಡಿಕೆ ಸಂಚಿಯಲ್ಲಿಟ್ಟಳು. ಗುಂಡಿ ಒತ್ತಿದರೆ ನನ್ನ ಬದಲು ಅದೇ ಅವಳ ದನಿಯಲ್ಲಿ ಜನರನ್ನು ಕೇಳುತ್ತದಂತೆ. ಆ ವಾರ ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ತೀರಿಕೊಂಡ. ಆ ಮನೆಯವರನ್ನು ಮಾತಾಡಿಸಲು ಹೋಗಿ ಹೆಂಗಸರ ನಡುವೆ ಕೂತು ಸ್ವಲ್ಪ ಮುಂದಕ್ಕೆ ಬಾಗಿದೆನೋ ಇಲ್ಲವೋ, ನನ್ನ ಸೊಂಟದಿಂದ ದೊಡ್ಡ ದನಿ ಬಂತು: "ದೇವದುರ್ಗ ಬಸ್ ಎಲ್ಲಿ ನಿಲ್ತದ್ರೀ?" ಅಳುತ್ತಿದ್ದ ಮುದುಕನ ಹೆಂಡತಿ ಕಣ್ಣೊರೆಸಿಕೊಂಡು, "ಸ್ಟ್ಯಾಂಡಿನಾಗ ನಿಲ್ತದವ್ವಾ," ಎಂದಳು. ಭೂಮಿ ಬಾಯಿ ಬಿಡಬಾರದೇ!

ಆಗ ಅವಳು ಗಿರಣಿಯಲ್ಲಿ ಮಾಡಿದ್ದನ್ನೇ ಮಾಡಿದಳು. ನಾಲ್ಕು ದಿನ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂತಳು. ಎಲ್ಲರೂ ಬಸ್ಸು ನೋಡುತ್ತಿದ್ದರೆ ಇವಳು ಜನರ ಕೈ ನೋಡಿದಳು.

ನಮ್ಮ ಕಡೆ ಯಾರ ಕೈಯಲ್ಲಿ ನೋಡಿದರೂ ಜವಳಿ ಅಂಗಡಿಯ ಬಟ್ಟೆ ಚೀಲ ಇದ್ದೇ ಇರುತ್ತದೆ. ಒಮ್ಮೆ ಸೀರೆ ಕೊಂಡರೆ ಆ ಚೀಲ ಹತ್ತು ವರ್ಷ ಬಾಳುತ್ತದೆ. ಅದರ ಮೇಲೆ ದೊಡ್ಡದಾಗಿ ಅಂಗಡಿಯ ಹೆಸರು, ಕೆಳಗೆ ಊರ ಹೆಸರು. ನಮ್ಮ ಜನ ಆ ಚೀಲ ಓದಿಯೇ ಮಾತಿಗೆ ಶುರುಮಾಡುವುದು. "ಸಿರವಾರದವರೇನ್ರಿ? ನಮ್ಮ ತಂಗೀನ್ನ ಅಲ್ಲೇ ಕೊಟ್ಟೀವಿ. ಬರ್ರಿ, ಬಸ್ ಬಂತು." ಬೋರ್ಡು ಓದದ ಮುದುಕಿಗೆ ಬಯ್ಯುವ ಜನರೇ ಚೀಲ ಹಿಡಿದ ಮುದುಕಿಯನ್ನು ಕರೆದು ಬಸ್ ಹತ್ತಿಸುತ್ತಾರೆ.

ಐದನೆಯ ದಿನ ನನ್ನ ಕೈಗೊಂದು ಹೊಸ ಚೀಲ ಬಂತು. ಒಂದು ಬದಿಗೆ ಕೆಂಪು ಅಕ್ಷರ: ‘ಅಕ್ಕ ತಂಗಿ ಜವಳಿ ಅಂಗಡಿ, ದೇವದುರ್ಗ.’ ಇನ್ನೊಂದು ಬದಿಗೆ ಹಸಿರು ಅಕ್ಷರದಲ್ಲಿ ಅದೇ ಅಂಗಡಿ, ರಾಯಚೂರು. ಒಳಗೆ ಅಡಿಕೆ ಕುಟ್ಟುವ ಸಣ್ಣ ಕಲ್ಲು.

"ಹೋಗುವಾಗ ಕೆಂಪು ಹೊರಗ, ಬರುವಾಗ ಹಸಿರು ಹೊರಗ. ನೀ ಯಾರನ್ನೂ ಕೇಳಬ್ಯಾಡ. ಚೀಲನ ಕೇಳ್ತದ."

"ಈ ಅಂಗಡಿ ಎಲ್ಲೈತಿ ಲೇ?"

"ಎಲ್ಲೂ ಇಲ್ಲ."

ಹೋದೆ. ಸ್ಟ್ಯಾಂಡಿನಲ್ಲಿ ಕೆಂಪು ಬದಿ ಮುಂದೆ ಮಾಡಿ ನಿಂತು ಎರಡು ನಿಮಿಷವಾಗಿಲ್ಲ, "ದೇವದುರ್ಗದವರೇನವ್ವಾ? ಅಗಾ, ಆ ಕಡಿ ನಿಂತದ, ಜಲ್ದಿ ನಡಿ," ಎಂದ ಒಬ್ಬ. ನೋಡಿದರೆ ಅದೇ ಮಾನ್ವಿ ಬಸ್ಸಿನ ಕಂಡಕ್ಟರ್! ಅವನಿಗೆ ನನ್ನ ಗುರುತು ಹತ್ತಲಿಲ್ಲ. ಪಕ್ಕದಲ್ಲಿ ಕೂತವಳು ಮಾತ್ರ ಬಿಡಲಿಲ್ಲ. "ಆ ಅಂಗಡ್ಯಾಗ ಸೀರಿ ಚಲೋ ಅದಾವೇನ್ರಿ?" ಎಂದಳು. "ಚಲೋ ಅದಾವ. ಆದ್ರ ಹೋದವರನ್ನ ಜಲ್ದಿ ಬಿಡಂಗಿಲ್ಲ," ಎಂದೆ. ಸುಳ್ಳೇನಲ್ಲವಲ್ಲ!

ಅಕ್ಕ ಹೊರಸಿನ ಮೇಲೆ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಳು! ನನ್ನ ಮುಖವನ್ನು ಎರಡೂ ಕೈಯಿಂದ ಸವರಿ, "ಉಂಡಿಯೇನ?" ಎಂದಳು. ಇಡೀ ಮಧ್ಯಾಹ್ನ ಅವಳು ಎಲೆಗೆ ಸುಣ್ಣ ಹಚ್ಚಿದಳು, ನಾನು ಹೊಸ ಕಲ್ಲಿನಲ್ಲಿ ಅಡಿಕೆ ಕುಟ್ಟಿದೆ. ಚೀಲದ ಮೇಲೇನಿದೆ ಎಂದು ಸನ್ನೆಯಲ್ಲಿ ಕೇಳಿದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೆಂಪು ತೋರಿಸಿ ಅವಳ ಎದೆ ಮುಟ್ಟಿದೆ. ಹಸಿರು ತೋರಿಸಿ ನನ್ನ ಎದೆ ಮುಟ್ಟಿಕೊಂಡೆ. ಹೊರಡುವ ಹೊತ್ತಿಗೆ ನೋಡಿದರೆ ಚೀಲ ಗೂಟದ ಮೇಲಿತ್ತು, ಹಸಿರು ಬದಿ ಹೊರಗೆ ಮಾಡಿ. ಇಳಿಸಲು ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದು ತಲೆಯಲ್ಲಾಡಿಸಿದಳು.

ಬರುವಾಗ ಬರಿಗೈ. ದೇವದುರ್ಗದ ಸ್ಟ್ಯಾಂಡಿನಲ್ಲಿ ನಿಂತು, ಬೇಕಾದವರು ನಗಲಿ ಎಂದು ಕೂಗಿಯೇ ಕೇಳಿದೆ: "ಯಪ್ಪಾ, ರಾಯಚೂರು ಬಸ್ ಯಾವುದು?" ಯಾರೂ ನಗಲಿಲ್ಲ.

ಹೋದ ವಾರ ಅಕ್ಕನ ಫೋನು ಬಂತು. "ಉಂಡಿಯೇನ?" ಎಂದಳು. ಆಮೇಲೆ ಯಾವಾಗ ಬರ್ತಿ ಎನ್ನುತ್ತಾಳೆಂದು ಕಾದೆ. ಎನ್ನಲಿಲ್ಲ. "ಚೀಲ ತೊಳದು ಇಟ್ಟೀನಿ," ಎಂದಳು.

ಅಂದಿನಿಂದ ನಾನು ದಿನಾ ಸಂಜೆ ತಿರುಗಾಡಲು ಬಸ್ ಸ್ಟ್ಯಾಂಡಿನ ಕಡೆಗೇ ಹೋಗುತ್ತೇನೆ. ಈಗ ಬೋರ್ಡು ನೋಡುವುದಿಲ್ಲ, ಇಳಿಯುವವರ ಕೈಯಲ್ಲಿ ಹಸಿರು ಅಕ್ಷರ ಹುಡುಕುತ್ತೇನೆ. ಮೊಮ್ಮಗಳು ಕಾಲೇಜು ಮುಗಿಸಿಕೊಂಡು ನೇರ ಅಲ್ಲಿಗೇ ಬಂದು ನನ್ನ ಪಕ್ಕ ನಿಲ್ಲುತ್ತಾಳೆ. ಒಂದು ಬಸ್ಸು ಖಾಲಿಯಾಗುತ್ತದೆ, ಇನ್ನೊಂದಕ್ಕೆ ಕಾಯುತ್ತೇವೆ. ಯಾಕ ಎಂದು ಅವಳು ಒಮ್ಮೆಯೂ ಕೇಳಿಲ್ಲ.