ಸಹಾರಾದಲ್ಲಿ ಹ್ಯಾರಿಸ್‌ಡೇಲ್ ಮನೆ

ಇಪ್ಪತ್ತೈದು ವರ್ಷದಿಂದ ಡಾಕ್ಟರಾಗಿದ್ದೇನೆ, ಇನ್ನು ಯಾವುದಕ್ಕೂ ಗಾಬರಿಯಾಗುವುದಿಲ್ಲ ಎಂದು ಅಂದುಕೊಂಡಾಗಲೆಲ್ಲ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಈ ಸಲ ಒಂದೇ ಪ್ರವಾಸದಲ್ಲಿ ನಾಲ್ಕು ಸಲ ಆಯಿತು.

ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ ಮೂಳೆ ಡಾಕ್ಟರಾಗಿರುವ ನನ್ನ ಕ್ಲಾಸ್‌ಮೇಟ್ ಹೊಸ ಕ್ಲಿನಿಕ್ ತೆರೆದು, ಪಾರ್ಟ್ನರ್ ಆಗು ಬಾ ಎಂದು ಕರೆದ. ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿರುವ ನಮ್ಮ ಮನೆ ಮಾರಿ ಹೋಗುವುದೆಂದು ನಾನು ನಿರ್ಧರಿಸಿಬಿಟ್ಟೆ. ಕೊಳ್ಳುವವರೂ ಸಿಕ್ಕರು. ಮನೆ ಇಬ್ಬರ ಹೆಸರಿನಲ್ಲಿದೆ, ಹೆಂಡತಿ ಸಹಿ ಹಾಕಬೇಕು. ಅವಳೋ ಎರಡು ತಿಂಗಳಿಂದ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸಹಾರಾ ನೋಡಬೇಕೆಂದು ಅವಳು ಆಗಾಗ ಹೇಳುತ್ತಿದ್ದುದು ನೆನಪಾಯಿತು. ಕರೆದುಕೊಂಡು ಹೋದರೆ ಮನಸ್ಸು ಕರಗೀತು ಎಂದು ಅಲ್ಜೀರಿಯಾದ ಅಹಗ್ಗರ್ ರಾಷ್ಟ್ರೀಯ ಉದ್ಯಾನಕ್ಕೆ ಟಿಕೆಟ್ ತೆಗೆದೆ. ಮೂಳೆ ಡಾಕ್ಟರೂ ನಮ್ಮ ಜೊತೆ ಹೊರಟ. ಅಡಿಲೇಡ್‌ನಲ್ಲಿ ಚರ್ಮದ ಡಾಕ್ಟರಾಗಿರುವ ಇನ್ನೊಬ್ಬ ಕ್ಲಾಸ್‌ಮೇಟೂ ಜೊತೆಗೂಡಿದ.

೧. ಮರಳಿಗೇನು ಬರ

ವಿಷಯ ಕೇಳಿ ಮಗಳು ಕಣ್ಣರಳಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. "ಡ್ಯಾಡ್, ವಿ ಹ್ಯಾವ್ ಸ್ಯಾಂಡ್ ಅಟ್ ಹೋಮ್!"

"ಅಲ್ಲಿ ಬೆಟ್ಟ ಇದೆ, ಮರುಭೂಮಿಯ ಅಲೆಮಾರಿ ತುವಾರೆಗ್ ಜನ ಇದಾರೆ, ಬಂಡೆ ಮೇಲೆ ಸಾವಿರಾರು ವರ್ಷದ ಚಿತ್ರ ಇದೆ ಕಣೇ."

"ಡಿಡ್ ಯು ಆಸ್ಕ್ ಮಮ್?"

"ಕೇಳೋದೇನು, ಸರ್ಪ್ರೈಸು!"

"ಡ್ಯಾಡ್, ಶಿ ವಾಂಟೆಡ್ ಮೊರಾಕೊ."

ನಾನು ಹಾಗೇ ಕುರ್ಚಿಯಲ್ಲಿ ಕುಸಿದೆ. ಟಿಕೆಟ್ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಮಗಳನ್ನು ಪರ್ತ್‌ನಲ್ಲೇ ಬಿಟ್ಟು ನಾವು ನಾಲ್ವರು ಹೊರಟೆವು.

೨. ಪಾರ್ಕ್ ಎಂದರೆ

ಆಸ್ಟ್ರೇಲಿಯಾದಲ್ಲಿ ಪಾರ್ಕ್ ಎಂದರೆ ಕಾರ್ ನಿಲ್ಲಿಸಲು ಜಾಗ, ಬಟನ್ ಒತ್ತಿದರೆ ಬಿಸಿಯಾಗುವ ಬಾರ್ಬಿ ಎಂಬ ಬಾರ್ಬೆಕ್ಯೂ ಒಲೆ, ಶುಚಿಯಾದ ಟಾಯ್ಲೆಟ್. ಮೂಳೆ ಡಾಕ್ಟರ್ ಅದನ್ನೇ ನಂಬಿಕೊಂಡು ಉದ್ದನೆಯ ಇಕ್ಕಳ, ಏಪ್ರನ್ನು, ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಯಲ್ಲಿ ಕೊಂಡ ಮೂರು ಥರದ ಮಸಾಲೆ ಹೊತ್ತು ತಂದಿದ್ದ. ಜೀಪಿನಲ್ಲಿ ಎಷ್ಟು ಹೊತ್ತು ಹೋದರೂ ಕಪ್ಪು ಕಲ್ಲಿನ ಚೂಪು ಬೆಟ್ಟಗಳೇ.

"ಪಾರ್ಕ್ ಯಾವಾಗ ಬರುತ್ತೆ?" ಎಂದು ಕೇಳಿದ. ನಮ್ಮ ಗೈಡ್ ಇಂಗ್ಲಿಷ್ ಬಲ್ಲ ತುವಾರೆಗ್. "ನಿನ್ನೆಯಿಂದ ಪಾರ್ಕ್‌ನಲ್ಲೇ ಇದ್ದೀವಿ" ಅಂದ.

"ಮತ್ತೆ ಟಾಯ್ಲೆಟ್?"

ಗೈಡ್ ಪೂರ್ವದಿಂದ ಪಶ್ಚಿಮದವರೆಗೂ ನಿಧಾನವಾಗಿ ಕೈ ಬೀಸಿದ. "ಯಾವ ಕಲ್ಲಿನ ಹಿಂದೆ ಬೇಕಾದ್ರೂ ಹೋಗಿ. ಚೇಳಿದೆಯಾ ನೋಡ್ಕೊಂಡು ಕೂತ್ಕೊಳ್ಳಿ."

ಮೂಳೆ ಡಾಕ್ಟರನ ಮುಖ ಸುಣ್ಣ ಬಳಿದಂತಾಯಿತು. ಸಂಜೆಯವರೆಗೆ ತಡೆದ. ಆಮೇಲೆ ಇಕ್ಕಳ ಹಿಡಿದುಕೊಂಡೇ ಹೋದ.

೩. ಮುಖ ತೋರಿಸಿ

ತುವಾರೆಗ್ ಜನರಲ್ಲಿ ಮುಖ ಮುಚ್ಚಿಕೊಳ್ಳುವವರು ಹೆಂಗಸರಲ್ಲ, ಗಂಡಸರು. ಗೈಡ್ ಮಾರುಗಟ್ಟಲೆ ನೀಲಿ ಬಟ್ಟೆ ಸುತ್ತಿಕೊಂಡು ಕಣ್ಣಷ್ಟೇ ಹೊರಗೆ ಬಿಟ್ಟಿದ್ದ. ಟೀ ಕುಡಿಯುವಾಗ ಲೋಟವೇ ಬಟ್ಟೆಯೊಳಗೆ ಹೋಗುತ್ತಿತ್ತು. ಟೋಪಿ ಹಾಕ್ಕೊಳ್ರಪ್ಪಾ, ಸನ್‌ಸ್ಕ್ರೀನ್ ಹಚ್ಕೊಳ್ರಪ್ಪಾ ಎಂದು ಅಡಿಲೇಡ್‌ನಲ್ಲಿ ಗಂಟಲು ಹರಿದುಕೊಂಡಿದ್ದ ಚರ್ಮದ ಡಾಕ್ಟರ್‌ಗೆ ದೇವರನ್ನೇ ಕಂಡಂತಾಯಿತು.

"ಇಂಥ ಬಿಸಿಲಲ್ಲಿ ನಿಮ್ಮ ಚರ್ಮ ಹೇಗಿದೆ ನೋಡ್ಬೇಕು. ಸ್ವಲ್ಪ ಬಟ್ಟೆ ಸರಿಸಿ" ಎಂದುಬಿಟ್ಟ.

ಗೈಡ್ ಎರಡು ಹೆಜ್ಜೆ ಹಿಂದೆ ಹಾರಿ, ನನ್ನ ಹೆಂಡತಿಯನ್ನು ನೋಡಿ, ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡ. "ಹೆಂಗಸರ ಮುಂದೆ?"

ಮೂವರೂ ಕ್ಷಮೆ ಕೇಳಿದೆವು. ಸುಧಾರಿಸಿಕೊಂಡ ಮೇಲೆ ಅವನು ನನ್ನ ಹೆಂಡತಿಗೆ, "ಮೇಡಂ, ಇವರು ಹೀಗೆ ಬರಿ ಮುಖದಲ್ಲಿ ಓಡಾಡ್ತಾರಲ್ಲ, ನಿಮ್ಮನ್ನ ಒಂದು ಮಾತು ಕೇಳಿದಾರಾ?" ಅಂದ.

"ನಮ್ಮನ್ನ ಯಾರು ಕೇಳ್ತಾರೆ ಬಿಡಿ" ಎಂದಳು ಇವಳು, ನನ್ನನ್ನೇ ನೋಡುತ್ತಾ.

೪. ಗುಡಾರ

ಮಾರನೆಯ ದಿನ ಗೈಡ್ ನಮ್ಮನ್ನು ತನ್ನ ಬಿಡಾರಕ್ಕೆ ಕರೆದ. ಚರ್ಮದ ಗುಡಾರದೊಳಗೆ ಅವನ ಹೆಂಡತಿ ದಿಂಬಿಗೊರಗಿ ಕೂತಿದ್ದಳು. ನನ್ನ ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಗೈಡ್ ಹೊರಗೆ ಮರಳಿನ ಮೇಲೆ ಟೀ ಕಾಯಿಸುತ್ತಿದ್ದ.

"ನೀವು ಒಳಗೆ ಹೋಗಲ್ವಾ?" ಎಂದೆ.

"ಕರೆದ್ರೆ ಹೋಗ್ತೀನಿ. ಗುಡಾರ ಅವಳದು. ಮದುವೇಲಿ ಅವಳ ಕಡೆಯವರು ಕೊಟ್ಟದ್ದು. ಸಂಬಂಧ ಮುರಿದ್ರೆ ನಾನು ಒಂಟೆ ಹತ್ತಿ ಹೋಗ್ಬೇಕು. ಗುಡಾರ ಇಲ್ಲೇ ಇರುತ್ತೆ."

ನಾನು ಜೋರಾಗಿ ನಕ್ಕೆ. ಹೆಂಡತಿ ನಗಲಿಲ್ಲ. "ಹಾಗಾದ್ರೆ ಇವರನ್ನ ಕೇಳದೆ ನೀವು ಗುಡಾರ ಮಾರಬಹುದಾ?" ಎಂದು ಗೈಡನ್ನು ಕೇಳಿದಳು.

ಗೈಡ್ ಅದನ್ನು ತನ್ನ ಭಾಷೆಯಲ್ಲಿ ಹೇಳಿದ. ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕಪಕ್ಕದ ಗುಡಾರದವರನ್ನೂ ಕೂಗಿ ಕರೆದು ಹೇಳಿದಳು. ಅವರೂ ಬಿದ್ದು ಬಿದ್ದು ನಕ್ಕರು. ನನ್ನ ಇಬ್ಬರು ಕ್ಲಾಸ್‌ಮೇಟುಗಳೂ ತಲೆ ತಗ್ಗಿಸಿ ಮರಳು ನೋಡುತ್ತಿದ್ದರು.

ನನಗೆ ರೇಗಿತು. "ಮನೆ ಮಾರೋದು ಬೇಡ ಅಂತ ನೀನು ಬಾಯಿಬಿಟ್ಟು ಹೇಳಬಹುದಿತ್ತಲ್ಲ!"

"ಬೇಡ ಅಂತ ಯಾರಂದ್ರು? ಏಜೆಂಟನ್ನ ಕೇಳಿದ್ರಿ, ಬ್ಯಾಂಕಿನವರನ್ನ ಕೇಳಿದ್ರಿ, ಇವರಿಬ್ಬರನ್ನೂ ಕೇಳಿದ್ರಿ. ನನ್ನನ್ನ ಯಾವತ್ತು ಕೇಳಿದ್ರಿ?"

ನಿಜ, ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಗುಡಾರದ ಬಾಗಿಲಲ್ಲಿ ಬಗ್ಗಿ, ಅಷ್ಟು ಜನರೆದುರು, ಗೈಡ್‌ಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದೆ: "ಹ್ಯಾರಿಸ್‌ಡೇಲ್ ಮನೆ ಮಾರೋಣ್ವಾ? ಬ್ರಿಸ್ಬೇನ್‌ಗೆ ಹೋಗೋಣ್ವಾ?"

ಗೈಡ್ ಅದನ್ನೂ ಹೇಳಿದ. ಹೆಂಗಸರೆಲ್ಲ ಇವಳ ಕಡೆ ತಿರುಗಿದರು. ಇವಳು ಟೀ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ತಾನೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

"ಬ್ರಿಸ್ಬೇನ್ ನನಗೆ ಮೊದಲಿಂದ್ಲೂ ಇಷ್ಟ. ಸಹಿ ಹಾಕ್ತೀನಿ. ಅಲ್ಲಿ ತಗೊಳ್ಳೋ ಮನೆ ನನ್ನ ಹೆಸರಲ್ಲಿರಲಿ."

ಹೋದ ಜೀವ ಬಂದಂತಾಯಿತು. "ಥ್ಯಾಂಕ್ಸ್ ಕಣೇ" ಎನ್ನುತ್ತಾ ಗುಡಾರದೊಳಗೆ ಕಾಲಿಡಹೋದೆ. ಅವಳು ಕೈ ಅಡ್ಡ ಹಿಡಿದಳು.

"ತಾಳಿ. ನಾನು ಬ್ರಿಸ್ಬೇನ್‌ಗೆ ಹೋಗೋದು ಗ್ಯಾರಂಟಿ. ನಿಮ್ಮನ್ನ ಕರ್ಕೊಂಡು ಹೋಗೋದಾ ಬೇಡ್ವಾ ಅಂತ ಯೋಚಿಸಿ ಹೇಳ್ತೀನಿ."

ಗೈಡ್ ಇದನ್ನು ಯಾರಿಗೂ ತರ್ಜುಮೆ ಮಾಡಲಿಲ್ಲ. ಪಕ್ಕಕ್ಕೆ ಸರಿದು, ಮರಳಿನ ಮೇಲೆ ನನಗೂ ಜಾಗ ಮಾಡಿಕೊಟ್ಟ.