ದರ್ಜಿಗೆ ಏನೂ ಕಷ್ಟ ಇಲ್ಲ

— ಏನೂ ಕಷ್ಟ ಇಲ್ಲ ಅಂದ್ರಲ್ಲ, ಯಾರಿಗ್ರೀ ಕಷ್ಟ ಇಲ್ಲ?

ಅಡುಗೆಮನೆಯಲ್ಲಿ ಹೆಂಡತಿ ದನಿ ತಗ್ಗಿಸಿ ಹಲ್ಲು ಕಡಿದಳು. ದರ್ಜಿ ನೀರಿನ ಲೋಟ ಹುಡುಕುವವನಂತೆ ಅತ್ತಿತ್ತ ತಡಕಾಡಿದ. ಹೊರಗೆ ಅಂಗವಿಕಲರ ಕಲ್ಯಾಣ ಕಚೇರಿಯ ಹೆಣ್ಣುಮಗಳು ಕಾಗದ ಹರಡಿಕೊಂಡು ಕೂತಿದ್ದಳು. ಎದುರಿಗೆ ಗಾಲಿಕುರ್ಚಿಯಲ್ಲಿ, ಮನೆಯವರು ತಮಾಷೆಗೆ ‘ಧಣಿ’ ಎಂದು ಕರೆಯುವವನು. ಸೊಂಟದ ಕೆಳಗೆ ಸ್ವಾಧೀನವಿಲ್ಲದ, ನಲವತ್ತು ದಾಟಿದ ಈ ಗಂಡಸನ್ನು ಒಂಬತ್ತು ವರ್ಷದ ಹಿಂದೆ ಕಚೇರಿಯೇ ಇವರ ಮನೆಯಲ್ಲಿ ಇರಿಸಿತ್ತು. ಆರೈಕೆ ಹೆಚ್ಚಿದ್ದಷ್ಟೂ ನೋಡಿಕೊಳ್ಳುವವರಿಗೆ ಕಚೇರಿ ಕೊಡುವ ಸಂಬಳ ಹೆಚ್ಚು. ಇವತ್ತು ಅದನ್ನು ಅಳೆಯುವ ದಿನ.

— ಬಂದವರ ಮುಂದೆ ಅವನನ್ನ ಹೊರೆ ಅನ್ನೋಕೆ ಬಾಯೇ ಬರ್ಲಿಲ್ಲ ಕಣೆ.

— ಹೊರೆ ಅನ್ನಿ ಅಂದೆನಾ? ಇದ್ದದ್ದು ಹೇಳಿ ಅಂದೆ. ಸಂಬಳ ಇಳಿದ್ರೆ ನಾನು ಮತ್ತೆ ಕಾರ್ಖಾನೆ ಕೆಲಸಕ್ಕೆ ಹೋಗ್ಬೇಕು. ಆಮೇಲೆ ಇಲ್ಲಿ ನೋಡ್ಕೊಳ್ಳೋರಿಲ್ಲ ಅಂತ ಅವನನ್ನ ಕರ್ಕೊಂಡು ಹೋಗಿ ಆ ದೊಡ್ಡ ಆಶ್ರಮಕ್ಕೆ ಸೇರಿಸ್ತಾರೆ.

— ನಾನಿಲ್ವಾ?

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು, ಅಷ್ಟೆ.

ದರ್ಜಿ ಎದೆ ಗಟ್ಟಿ ಮಾಡಿಕೊಂಡು ಹೊರಗೆ ಬಂದು ಕೂತ. ಕಚೇರಿಯವಳು ಕೇಳಿದಳು:

— ಸ್ನಾನಕ್ಕೆ ಎಷ್ಟು ಹೊತ್ತು ಬೇಕಾಗುತ್ತೆ?

— ನೀರು ಕಂಡ್ರೆ ಅವನಿಗೆ ಖುಷಿ ಮೇಡಂ. ಅರ್ಧ ಅವನೇ ಮಾಡ್ಕೋತಾನೆ.

ಒಳಗೆ ಸೌಟು ಬಿದ್ದ ಸದ್ದಾಯಿತು.

— ಕಾಲು ಗಂಟೆ ಅಂತ ಬರ್ಕೊಳ್ಲಾ?

— ಅಷ್ಟೂ ಬೇಡ ಬಿಡಿ.

— ರಾತ್ರಿ ಏಳ್ಬೇಕಾಗುತ್ತಾ?

— ಛೇ. ಒಂದು ದಿನವಾದ್ರೂ ಎದ್ದಿದ್ದು ನನಗೆ ನೆನಪಿಲ್ಲ.

ಹೀಗನ್ನಬಾರದಿತ್ತು ಎಂದು ದರ್ಜಿಗೂ ಗೊತ್ತಿತ್ತು. ತೋಳೆತ್ತಿದರೆ ಕಂಕುಳು ಕಿತ್ತುಬರುವ ಅಂಗಿಯನ್ನೂ ಗಿರಾಕಿಯ ಮುಂದೆ ಹೊಗಳಿ ಬೆಳೆದ ನಾಲಿಗೆ, ಈಗ ತಡೆದರೆ ನಿಂತೀತೆ?

ಧಣಿ ಗಂಟಲು ಸರಿಮಾಡಿಕೊಂಡ.

— ಮೇಡಂ, ಅಣ್ಣ ಹೇಳಿದ್ದು ಖಂಡಿತ ನಿಜ. ಅವರಿಗೆ ಏನೂ ಕಷ್ಟ ಇಲ್ಲ. ನೀವು ಅತ್ತಿಗೆನ ಕೇಳಿ.

— ನಿನಗೆ ಬೇಜಾರಾಗ್ಬಾರ್ದು ಅಂತ ಕಣಯ್ಯ, ಎಂದ ದರ್ಜಿ.

— ನನ್ನನ್ನ ಎತ್ತಿ ಕೂರಿಸೋದು ಕೆಲಸ ಅಂದ್ರೆ ನನಗ್ಯಾಕಣ್ಣ ಬೇಜಾರು? ಪ್ಯಾಂಟು ಹೊಲಿಯೋದು ಕೆಲಸ ಅಂದ್ರೆ ನಿಮ್ಮ ಗಿರಾಕಿ ಅಳ್ತಾನಾ? ಬರ್ಕೊಳ್ಳಿ ಮೇಡಂ. ಸ್ನಾನ ಮುಕ್ಕಾಲು ಗಂಟೆ. ರಾತ್ರಿ ಎರಡು ಸಲ ಹೊರಳಿಸ್ಬೇಕು, ಇಲ್ಲದಿದ್ರೆ ಬೆನ್ನು ಹುಣ್ಣಾಗುತ್ತೆ. ಎಲ್ಲ ಅತ್ತಿಗೆನೇ.

— ಆಗ ಇವರೇನು ಮಾಡ್ತಿರ್ತಾರೆ?

— ಗೊರಕೆ. ಅದಕ್ಕೇ ಅತ್ತಿಗೆಗೆ ಸರಿಹೊತ್ತಿಗೆ ಎಚ್ಚರ ಆಗೋದು. ಅದೂ ಒಂದು ಸಹಾಯವೇ ಅನ್ನಿ.

ಕಚೇರಿಯವಳು ನಗು ನುಂಗಿಕೊಂಡು ಮೊದಲು ಬರೆದದ್ದನ್ನು ಹೊಡೆದುಹಾಕಿದಳು. ಮೇಲಿನ ದರ್ಜೆಯ ಸಂಬಳ ಎಂದು ಗುರುತು ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿಯ ಸಹಿ ಹಾಕಿಸಿಕೊಂಡಳು.

— ಇನ್ಮೇಲೆ ಸಂಬಳ ನಿಮ್ಮ ಹೆಸರಿಗೇ ಬರುತ್ತಮ್ಮ. ಕೊನೇದೊಂದು. ಈ ಮನೇಲಿ ನೀವು ನೋಡ್ಕೊಳ್ಳೋದು ಎಷ್ಟು ಜನರನ್ನ?

ಹೆಂಡತಿ ಗಂಡನ ಕಡೆ ನೋಡಿದಳು. ಅವನ ಬಾಡಿದ ಮುಖ ಕಂಡು ಮನಸ್ಸು ಕರಗಿತೇನೋ.

— ಒಬ್ಬನ್ನೇ, ಎಂದಳು.

ದರ್ಜಿ ಕನ್ನಡಕ ಸರಿಮಾಡಿಕೊಂಡ.

— ಬಂದವರ ಮುಂದೆ ಸುಳ್ಳು ಹೇಳ್ಬಾರ್ದು ಕಣೆ. ಇಬ್ಬರು ಅಂತ ಬರ್ಕೊಳ್ಳಿ ಮೇಡಂ.